ಟೇಪು, ಲೇಸರ್, ಮೊಬೈಲು: ಬಳ್ಳಾರಿ ಬಿಸಿಲಲ್ಲಿ ಕಿಟಕಿ ಅಳೆಯಲು ಯಾವುದು ಸರಿ?

ಕಿಟಕಿ, ಬಾಗಿಲು ಕಟ್ಟಿಗೆಯದಾಗಿದ್ದ ಕಾಲದಲ್ಲಿ ಮೊದಲು ಚೌಕಟ್ಟು ನಿಲ್ಲಿಸುತ್ತಿದ್ದರು, ಆಮೇಲೆ ಗೋಡೆ ಏರುತ್ತಿತ್ತು. ಚೌಕಟ್ಟು ಎಲ್ಲಿ ನಿಂತಿದೆಯೋ ಅಲ್ಲಿಗೆ ಇಟ್ಟಿಗೆ ಬರುತ್ತಿತ್ತು. ಸಂದು ಉಳಿದರೆ ಸಿಮೆಂಟು ತುಂಬಿದರಾಯಿತು. ಬಾಗಿಲು ಬಿಗಿಯಾದರೆ ಬಡಿಗೇರ ಉಜ್ಜುಗೊರಡು ತಂದು ಹೆರೆದು ಕೊಡುತ್ತಿದ್ದ. ಈಗ ಯುಪಿವಿಸಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಮತ್ತು ಅಲ್ಯೂಮಿನಿಯಂ ಬಂದು ಈ ಕ್ರಮ ಪೂರ್ತಿ ತಿರುಗಿದೆ. ಗೋಡೆ, ಗಿಲಾವು, ಕೆಳಗಿನ ಕಡಪ ಕಲ್ಲು ಎಲ್ಲ ಮುಗಿದ ಮೇಲೆ ನಾವು ಹೋಗಿ ಅಳೆಯುತ್ತೇವೆ. ಆ ಅಳತೆಗೆ ಕಿಟಕಿ ಬೇರೆಲ್ಲೋ ತಯಾರಾಗಿ ಬರುತ್ತದೆ. ಯುಪಿವಿಸಿ ಮೂಲೆಗಳನ್ನು ಸುಮಾರು 250 ಡಿಗ್ರಿ ಶಾಖದಲ್ಲಿ ಕರಗಿಸಿ ಬೆಸೆದಿರುತ್ತಾರೆ. ಸೈಟಿಗೆ ತಂದ ಮೇಲೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೆರೆಯಲೂ ಆಗುವುದಿಲ್ಲ.

ಹಾಗಾಗಿ ಈಗ ಕಿಟಕಿ ಕೂರಿಸುವ ಕೆಲಸದ ಅರ್ಧ ಭಾಗ ಅಳತೆಯಲ್ಲೇ ಇದೆ. ಬಳ್ಳಾರಿ, ಸಿರುಗುಪ್ಪ, ಕಂಪ್ಲಿ, ಸಂಡೂರು ಕಡೆ ಕೆಲಸ ಮಾಡುವಾಗ ನಾನು ಹಳೆಯ ಸಾಮಾನನ್ನೂ ಹೊಸದನ್ನೂ ಒಂದೇ ಕಿಟಕಿಗೆ ಹಿಡಿದು ನೋಡಿದ್ದೇನೆ. ಯಾವುದು ಎಲ್ಲಿ ಗೆಲ್ಲುತ್ತದೆ ಅನ್ನುವುದು ಈಗ ನನಗೆ ಸ್ಪಷ್ಟವಾಗಿದೆ.

ಮೊದಲು ಟೇಪು. 4 ಅಡಿ, 5 ಅಡಿ ಅಗಲದ ಸಾಧಾರಣ ಕಿಟಕಿಗೆ ಇವತ್ತಿಗೂ ನನ್ನ ಓಟು ಇದಕ್ಕೇ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯಬೇಕು. ಎತ್ತರವೂ ಹಾಗೆಯೇ. ಮೂರರಲ್ಲಿ ಚಿಕ್ಕದನ್ನು ತೆಗೆದುಕೊಂಡು, ಎರಡೂ ಬದಿಗೆ ಐದೈದು ಮಿ.ಮೀ. ಕಳೆದು ಆರ್ಡರ್ ಕೊಡುತ್ತೇನೆ. ಆಮೇಲೆ ಮೂಲೆಯಿಂದ ಮೂಲೆಗೆ ಕ್ರಾಸ್ ಅಳತೆ. ಎರಡು ಕ್ರಾಸ್ ಒಂದೇ ಬರಲಿಲ್ಲ ಅಂದರೆ ಗೋಡೆ ಮೂಲೆಮಟ್ಟಕ್ಕಿಲ್ಲ ಎಂದರ್ಥ. ಈ ಕ್ರಾಸ್ ಅಳತೆಯಲ್ಲಿ ಟೇಪನ್ನು ಸೋಲಿಸುವ ಸಾಧನ ನನ್ನ ಕೈಗೆ ಇನ್ನೂ ಬಂದಿಲ್ಲ. ಕೊಕ್ಕೆಯನ್ನು ಮೂಲೆಗೆ ಒತ್ತಿ ಹಿಡಿದರೆ ಸಾಕು, ಕೈಗೇ ಗೊತ್ತಾಗುತ್ತದೆ.

ಟೇಪಿಗೆ ತೊಂದರೆ ಬರುವುದು ಅದರ ತುದಿಯಲ್ಲಿ. ಕೊಕ್ಕೆ ಸ್ವಲ್ಪ ಅಲ್ಲಾಡುವುದು ನೋಡಿ ಕೆಲವರು ಅದು ಹಾಳಾಗಿದೆ ಅಂತ ಬಡಿದು ಬಿಗಿ ಮಾಡುತ್ತಾರೆ. ಹಾಗೆ ಮಾಡಬಾರದು. ಎಳೆದು ಅಳೆದಾಗಲೂ, ಒತ್ತಿ ಅಳೆದಾಗಲೂ ಲೆಕ್ಕ ಸರಿ ಬರಲಿ ಅಂತಲೇ ಅದರ ದಪ್ಪದಷ್ಟು ಸಡಿಲ ಬಿಟ್ಟಿರುತ್ತಾರೆ. ಇನ್ನೊಂದು, ಒಳ ಅಳತೆಗೆ ಪಟ್ಟಿಯನ್ನು ಮೂಲೆಯಲ್ಲಿ ಬಗ್ಗಿಸಿ ಅಂದಾಜಿನ ಮೇಲೆ ಓದುವುದು. ಡಬ್ಬಿಯ ಉದ್ದ ಎಷ್ಟು ಅಂತ ಹೆಚ್ಚಿನ ಟೇಪುಗಳ ಮೇಲೆ ಬರೆದೇ ಇರುತ್ತದೆ. ಡಬ್ಬಿಯನ್ನು ಗೋಡೆಗೆ ಆನಿಸಿ ಅದನ್ನು ಕೂಡಿಸಿಕೊಂಡರೆ ಮುಗಿಯಿತು.

ಇನ್ನು ಲೇಸರ್ ಮೀಟರ್, ಎದುರಿನ ಗೋಡೆಗೆ ಕೆಂಪು ಚುಕ್ಕೆ ಬಿಟ್ಟು ದೂರ ಅಳೆಯುವ ಸಾಧನ. ಕೈಯಲ್ಲಿ ಹಿಡಿಯುವ ಮೊದಲ ಲೇಸರ್ ಮೀಟರನ್ನು ಲೈಕಾ ಕಂಪನಿ 1993ರಲ್ಲಿ ತಂದಿತು. ಆಗ ಅದು ನಮ್ಮಂಥವರ ಕೈಗೆಟುಕುವ ಮಾತಲ್ಲ. ಈಗ ಕೆಲವು ಸಾವಿರಕ್ಕೆ ಸಿಗುತ್ತದೆ. ಸಾಧಾರಣ ಮೀಟರಿನಲ್ಲಿ 2 ಮಿ.ಮೀ. ಹೆಚ್ಚುಕಡಿಮೆ ಇರಬಹುದು ಎಂದು ಕಂಪನಿಯವರೇ ಬರೆದಿರುತ್ತಾರೆ. ಹಾಗಾದರೆ ಸಣ್ಣ ಕಿಟಕಿಗೆ ಟೇಪಿಗಿಂತ ಇದರಲ್ಲಿ ಏನು ಜಾಸ್ತಿ ಸಿಕ್ಕಿತು? ಏನೂ ಇಲ್ಲ. ಗಿಲಾವಿನ ಮೇಲೆ ಒಂದು ಮರಳಿನ ಕಾಳು ಸಿಕ್ಕಿ ಮೀಟರು 3 ಡಿಗ್ರಿ ವಾಲಿದರೆ ಸಾಕು, 1500 ಮಿ.ಮೀ. ಅಳತೆ 2 ಮಿ.ಮೀ. ಉದ್ದ ತೋರಿಸುತ್ತದೆ. ನಮ್ಮ ಕಡಪ ಕಲ್ಲಿಗೆ ಪಾಲಿಶ್ ಹಾಕಿದ್ದರೆ ಕೆಂಪು ಚುಕ್ಕೆ ಅದರ ಮೇಲೆ ಸರಿಯಾಗಿ ನಿಲ್ಲುವುದಿಲ್ಲ, ಒಮ್ಮೊಮ್ಮೆ ಎರರ್ ಬರುತ್ತದೆ. ಅಲ್ಲಿ ಒಂದು ಬಿಳಿ ರಟ್ಟು ಅಡ್ಡ ಹಿಡಿಯಬೇಕು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಹೊರಗಡೆ ಅಳೆಯಲು ಹೋದರಂತೂ ಚುಕ್ಕೆ ಕಾಣುವುದೇ ಇಲ್ಲ.

ಒಂದು ಸೆಟ್ಟಿಂಗಿನ ಬಗ್ಗೆ ತುಂಬ ಎಚ್ಚರ ಬೇಕು. ಮೀಟರು ತನ್ನ ಹಿಂಬದಿಯಿಂದ ಲೆಕ್ಕ ಹಾಕಬೇಕೋ ಮುಂಬದಿಯಿಂದಲೋ ಅನ್ನುವ ಆಯ್ಕೆ ಅದರಲ್ಲಿ ಇರುತ್ತದೆ. ಬಟನ್ ಗೊತ್ತಿಲ್ಲದೆ ಒತ್ತಿದರೆ ಮೀಟರಿನ ಉದ್ದದಷ್ಟು, ಅಂದರೆ ಸುಮಾರು 10 ಸೆಂ.ಮೀ., ಎಲ್ಲ ಅಳತೆಯಲ್ಲೂ ತಪ್ಪುತ್ತದೆ. ಹೊಸ ಹುಡುಗರಿಗೆ ನಾನು ಮೊದಲು ಕಲಿಸುವುದೇ ಪರದೆಯ ಮೇಲಿನ ಆ ಸಣ್ಣ ಚಿತ್ರ ನೋಡುವುದನ್ನು.

ಇಷ್ಟೆಲ್ಲ ಹೇಳಿದರೂ ಲೇಸರನ್ನು ನಾನು ಬಿಡುವುದಿಲ್ಲ. ಹಾಲಿನ 10 ಅಡಿ ಸ್ಲೈಡಿಂಗ್ ಬಾಗಿಲು, ಮೆಟ್ಟಿಲ ಬಳಿಯ ಎತ್ತರದ ಗಾಜು, ಇಂಥಲ್ಲಿ ಟೇಪಿಗೆ ಇಬ್ಬರು ಬೇಕು, ಏಣಿ ಬೇಕು, ಪಟ್ಟಿ ನಡುವೆ ಜೋತು ಬೀಳುತ್ತದೆ. ಲೇಸರಿನಲ್ಲಿ ಒಬ್ಬನೇ ನಿಂತು ಮುಗಿಸಬಹುದು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಬ್ಲೂಟೂತ್ ಇರುವ ಮೀಟರಿನಿಂದ ಅಂಕಿ ನೇರ ಮೊಬೈಲಿಗೆ ಹೋಗುತ್ತದೆ. ನಮ್ಮ ಕಡೆ ಬಾಯಲ್ಲಿ ಹೇಳುವುದು ಅಡಿ, ಇಂಚು, ನೂಲಿನಲ್ಲಿ. ತಯಾರಿಸುವವರು ಕೇಳುವುದು ಮಿ.ಮೀ.ನಲ್ಲಿ. 4 ಅಡಿ 3 ಇಂಚು 2 ನೂಲು ಅಂದರೆ 1302 ಮಿ.ಮೀ. ಇದನ್ನು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಚಿ, ಆಮೇಲೆ ಯಾರೋ ಓದಿ, ಇನ್ಯಾರೋ ಟೈಪು ಮಾಡುವಾಗ 1302 ಹೋಗಿ 1320 ಆಗುತ್ತದೆ. ಒಂದು ಕಿಟಕಿ ದಂಡ. ನಾನು ಕಂಡ ಹೆಚ್ಚಿನ ಗಲಾಟೆಗಳು ಹುಟ್ಟಿದ್ದು ಅಳೆಯುವಾಗ ಅಲ್ಲ, ಹೀಗೆ ಬರೆದುಕೊಳ್ಳುವಾಗ.

ಮೊಬೈಲ್ ಆ್ಯಪಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. 2020ರಿಂದ ಐಫೋನ್ 12 ಪ್ರೋದಂಥ ಕೆಲವು ದುಬಾರಿ ಫೋನುಗಳಲ್ಲಿ ಲೈಡಾರ್, ಅಂದರೆ ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಸೆನ್ಸರ್, ಬಂದಿದೆ. ಅದರಲ್ಲಿ ಹಿಡಿದರೂ ನನಗೆ ಒಂದೊಂದು ಸಲ ಒಂದೊಂದು ಅಳತೆ ಬಂತು, ಒಂದು ಸೆಂ.ಮೀ. ಆಚೀಚೆ. ಬೆಂಗಳೂರಿನಲ್ಲಿ ಕೂತ ಮಗ ಊರಿನ ಮನೆಗೆ ಎಷ್ಟು ಖರ್ಚಾಗಬಹುದು ಅಂತ ಕೇಳಿದರೆ ಅಂದಾಜು ಕೊಡಲು ಚೆನ್ನಾಗಿದೆ. ಆರ್ಡರಿಗೆ ಬೇಡವೇ ಬೇಡ.

ಮಟ್ಟದ ವಿಷಯಕ್ಕೆ ಬರೋಣ. ಇಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡುವ ಪಾರದರ್ಶಕ ಪೈಪಿಗೂ, ಗೋಡೆಯ ಮೇಲೆ ಮಟ್ಟದ ಗೆರೆ ಬೀಳಿಸುವ ಲೇಸರ್ ಲೆವೆಲ್ಲಿಗೂ ನೇರ ಸ್ಪರ್ಧೆ. ಸಿರುಗುಪ್ಪ ಕಡೆಯ ಒಬ್ಬ ಹಿರಿಯ ಗಾರೆ ಮೇಸ್ತ್ರಿ ನನ್ನ ಹಸಿರು ಗೆರೆಯ ಲೇಸರನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಒಂದೇ ಮಾತು ಕೇಳಿದರು: “ಗೆರಿ ಚಂದ ಐತಿ ತಮ್ಮಾ. ಆದ್ರ ಇದು ಮೂಲಿ ತಿರುಗಿ ಆ ಕೋಣಿಗೆ ಹೋಗ್ತೈತೇನು?”

“ಇಲ್ಲ ಮೇಸ್ತ್ರಿ, ಎತ್ತಿ ಅಲ್ಲಿಡಬೇಕು.”

“ನನ್ನ ಪೈಪು ಹೋಗ್ತೈತಿ ನೋಡು.”

ಅವರ ಮಾತು ನಿಜ. ಮನೆ ಸುತ್ತ ಎಲ್ಲ ಕಿಟಕಿಯ ಕೆಳಮಟ್ಟ ಒಂದೇ ಇರಬೇಕು ಅಂದರೆ ಪೈಪು ಗೋಡೆ ಸುತ್ತಿ, ಹೊಸ್ತಿಲು ದಾಟಿ ಹೋಗುತ್ತದೆ. ಬ್ಯಾಟರಿ ಬೇಕಿಲ್ಲ, ಬಿಸಿಲಿನ ಕಾಟವಿಲ್ಲ. ಒಳಗೆ ಗಾಳಿಗುಳ್ಳೆ ಇರದಂತೆ ನೋಡಿಕೊಂಡರೆ ಆಯಿತು. ಲೇಸರನ್ನು ಪ್ರತಿ ಕೋಣೆಗೂ ಎತ್ತಿಟ್ಟಾಗ ಹೊಸದಾಗಿ ಗುರುತು ಹೊಂದಿಸಬೇಕು, ಪ್ರತಿ ಸಲವೂ ಸ್ವಲ್ಪ ತಪ್ಪು ಸೇರುತ್ತದೆ. ಆದರೆ ಒಂದೇ ಕೋಣೆಯೊಳಗೆ ಲೇಸರ್ ಲೆವೆಲ್ಲಿಗೆ ಎದುರಿಲ್ಲ. ಅಡ್ಡ ಗೆರೆ, ಉದ್ದ ಗೆರೆ ಎರಡೂ ಒಟ್ಟಿಗೆ ಬೀಳುತ್ತವೆ, ರಸಮಟ್ಟ ಮತ್ತು ತೂಗುಗುಂಡಿನ ಕೆಲಸ ಒಂದೇ ಏಟಿಗೆ ಆಗುತ್ತದೆ. ಕೈ ಎರಡೂ ಖಾಲಿ ಇರುತ್ತವೆ. ಮುಖ್ಯವಾಗಿ, ಮನೆಯವರಿಗೆ ಕಣ್ಣಿಗೆ ಕಾಣುತ್ತದೆ. ಗೋಡೆ ಕೆಳಗೆ ಅರ್ಧ ಇಂಚು ಒಳಗೆ ಬಂದಿದೆ ಅಂತ ಬಾಯಲ್ಲಿ ಹೇಳಿದರೆ ಮೇಸ್ತ್ರಿಗೂ ನಮಗೂ ಜಗಳ. ಗೆರೆ ಹಾಕಿ ತೋರಿಸಿದರೆ ಆರ್ಡರಿಗೆ ಮೊದಲೇ ಗಿಲಾವು ಸರಿಯಾಗುತ್ತದೆ. ಕೊಳ್ಳುವುದಾದರೆ ಹಸಿರು ಗೆರೆಯದನ್ನೇ ಕೊಳ್ಳಿ, ನಮ್ಮ ಬೆಳಕಿನಲ್ಲಿ ಕೆಂಪಿಗಿಂತ ಚೆನ್ನಾಗಿ ಕಾಣುತ್ತದೆ.

ಕೊನೆಗೆ ಕೂರಿಸುವುದು: ಸಿಮೆಂಟಾ, ಫೋಮಾ? ಫೋಮ್ ಅಂದರೆ ಡಬ್ಬಿಯಿಂದ ಹೊಡೆದ ಮೇಲೆ ಉಬ್ಬಿ ಗಟ್ಟಿಯಾಗುವ ಪಿಯು (ಪಾಲಿಯುರೆಥೇನ್) ನೊರೆ. ಕಟ್ಟಿಗೆ ಚೌಕಟ್ಟಿಗೆ ಗೋಡೆಯೊಳಗೆ ಹುಗಿಯುವ ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್ ಹಾಕಿ ಸಿಮೆಂಟು ತುಂಬುವುದು ಗಟ್ಟಿ ಕೆಲಸ, ಅದನ್ನು ಬದಲಿಸಲು ಕಾರಣವಿಲ್ಲ. ಯುಪಿವಿಸಿಗೆ ಮಾತ್ರ ಸಿಮೆಂಟು ಬಿಗಿಯಾಗಿ ತುಂಬಬೇಡಿ. 8 ಅಡಿ ಉದ್ದದ ಯುಪಿವಿಸಿ ಪಟ್ಟಿ 30 ಡಿಗ್ರಿ ಬಿಸಿ ಏರಿದರೆ ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಅದರ ಮೂರನೇ ಒಂದು ಪಾಲು. ಪಶ್ಚಿಮದ ಗೋಡೆಯ ಕಿಟಕಿ ನಮ್ಮ ಬೇಸಿಗೆಯಲ್ಲಿ ಬೆಳಗಿನ ತಂಪಿನಿಂದ ಮಧ್ಯಾಹ್ನಕ್ಕೆ ಅಷ್ಟು ಬಿಸಿಯಾಗುವುದು ಏನೂ ದೊಡ್ಡ ಮಾತಲ್ಲ. ಹಿಗ್ಗಲು ಜಾಗವಿಲ್ಲದಿದ್ದರೆ ಪಟ್ಟಿ ಬಾಗುತ್ತದೆ, ಪಲ್ಲೆ ಸಿಕ್ಕಿಕೊಳ್ಳುತ್ತದೆ. “ಏನ್ರೀ, ಇಷ್ಟು ಸಂದು ಬಿಟ್ಟೀರಿ?” ಅಂತ ಮನೆಯವರು ಕೇಳುವ ಆ ಐದು ಮಿ.ಮೀ. ಇರುವುದು ಇದಕ್ಕೇ. ಅದನ್ನು ಮುಚ್ಚುವ ಪಿಯು ಫೋಮ್ ಸ್ವಲ್ಪ ಮೆತ್ತಗಿರುತ್ತದೆ, ಪಟ್ಟಿಯ ಜೊತೆ ತಾನೂ ಕುಗ್ಗಿ ಹಿಗ್ಗುತ್ತದೆ.

ಆದರೆ ಫೋಮ್ ಕಿಟಕಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಹಿಡಿಯುವುದು ಸ್ಕ್ರೂ. ಮೂಲೆಯಿಂದ ಸುಮಾರು 150 ಮಿ.ಮೀ. ಬಿಟ್ಟು ಮೊದಲನೆಯದು, ಆಮೇಲೆ 600 ಮಿ.ಮೀ. ಮೀರದಂತೆ ಒಂದೊಂದು. ಸ್ಕ್ರೂ ಉಳಿಸಿ ಫೋಮ್ ಜಾಸ್ತಿ ಹೊಡೆಯುವವರ ಕೆಲಸ ಒಪ್ಪಬೇಡಿ, ಜಾಸ್ತಿ ಫೋಮ್ ಉಬ್ಬಿ ಚೌಕಟ್ಟನ್ನೇ ಒಳಗೆ ತಳ್ಳುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ಮಾತು ಸೇರಿಸಲೇಬೇಕು. ಈ ಫೋಮ್ ಗಟ್ಟಿಯಾಗುವುದು ತೇವದಿಂದ. ಬೇಸಿಗೆಯಲ್ಲಿ ಇಲ್ಲಿ ಗಾಳಿಯೂ ಒಣ, ಗೋಡೆಯೂ ಒಣ. ಹಾಗೇ ಹೊಡೆದರೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ಅಂಟಂಟಾಗಿ ಉಳಿಯುತ್ತದೆ. ನಾನು ಮೊದಲು ಸಂದಿಯ ಧೂಳು ಬ್ರಶ್ಶಿನಿಂದ ತೆಗೆಯುತ್ತೇನೆ, ಸಂಡೂರು ಕಡೆ ಆ ಕೆಂಪು ಧೂಳಿನ ಮೇಲೆ ಏನೂ ಹಿಡಿಯುವುದಿಲ್ಲ. ಆಮೇಲೆ ಸ್ಪ್ರೇ ಬಾಟಲಿಯಿಂದ ಗೋಡೆಗೆ ನೀರು ಚಿಮುಕಿಸಿ ಫೋಮ್ ಹೊಡೆಯುತ್ತೇನೆ. ಡಬ್ಬಿಯನ್ನು ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿ ಬಿಡಬೇಡಿ, 50 ಡಿಗ್ರಿ ದಾಟಿದರೆ ಒಡೆಯುವ ಭಯ ಇದೆ. ಫೋಮ್ ಒಣಗಿದ ಮೇಲೆ ಉಬ್ಬಿದ್ದನ್ನು ಬ್ಲೇಡಿನಿಂದ ಕೊಯ್ದು, ಹೊರಗಡೆ ಸಿಲಿಕಾನ್ ಎಳೆಯಬೇಕು. ಬಿಸಿಲಿಗೆ ತೆರೆದಿಟ್ಟ ಫೋಮ್ ಕಂದಾಗಿ ಪುಡಿಪುಡಿ ಉದುರುತ್ತದೆ. ಹಾಗಾಗಿ ಸಿಲಿಕಾನ್ ಎಳೆಯುವವರೆಗೂ ಬಾಕಿ ದುಡ್ಡು ಕೈಯಲ್ಲೇ ಇಟ್ಟುಕೊಳ್ಳಿ ಅಂತ ನಾನೇ ಮನೆಯವರಿಗೆ ಹೇಳುತ್ತೇನೆ.