ಕಾಂಚನಜುಂಗಾ: ಟೈಗರ್ ಹಿಲ್, ಸಂದಕ್‌ಫು, ಪೆಲ್ಲಿಂಗ್ – ಎಲ್ಲಿ ನಿಂತು ನೋಡಬೇಕು?

ಕಾಂಚನಜುಂಗಾ ನೋಡೋಕೆ ಯಾವ ಜಾಗ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕೈಯಲ್ಲಿ ಎಷ್ಟು ಬೆಳಗಿನ ಜಾವ ಇದೆ? 8,586 ಮೀಟರ್ ಎತ್ತರದ ಬೆಟ್ಟ, ಜಗತ್ತಿಗೆ ಮೂರನೆಯದು. ಆದರೂ ಒಂದು ಮೋಡ ಅಡ್ಡ ಬಂದರೆ ಏನೂ ಕಾಣಲ್ಲ. ಎರಡು ನವೆಂಬರ್‌ಗಳಲ್ಲಿ ಮೂರು ಜಾಗಗಳಿಂದ ಅದನ್ನು ನೋಡಿದ್ದೇನೆ. ಮೊದಲ ಸಲ ಗೆಳೆಯನ ಜೊತೆ, ಎರಡನೇ ಸಲ ಅಮ್ಮನ ಜೊತೆ.

ಎಲ್ಲರೂ ಮೊದಲು ಹೋಗುವುದು ಟೈಗರ್ ಹಿಲ್‌ಗೆ. ಡಾರ್ಜಿಲಿಂಗ್ ಪೇಟೆಯಿಂದ 11 ಕಿ.ಮೀ. ಅಷ್ಟೇ. ಮೂರೂವರೆಗೆ ಎದ್ದು ಹೊರಟರೂ ನಮ್ಮ ಮುಂದೆ ಜೀಪುಗಳ ಸಾಲೇ ಇತ್ತು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋದವರಿಗೆ ಆ ಜನಜಂಗುಳಿ ಗೊತ್ತು. ಅಲ್ಲಿ ಒಂದು ವಿಷಯ ನೆನಪಿಡಿ. ಸೂರ್ಯ ಹುಟ್ಟುವುದು ಪೂರ್ವಕ್ಕೆ, ಕಾಂಚನಜುಂಗಾ ಇರುವುದು ಉತ್ತರಕ್ಕೆ. ಜನ ಎಲ್ಲ ಪೂರ್ವಕ್ಕೆ ಮುಖ ಮಾಡಿ ಕಾಯುತ್ತಿರುತ್ತಾರೆ. ಶಿಖರ ಅಷ್ಟು ಎತ್ತರ ಇರುವುದರಿಂದ ನಮಗೆ ಸೂರ್ಯ ಕಾಣುವ ಮೊದಲೇ ಅದರ ತುದಿಗೆ ಬೆಳಕು ಬಿದ್ದಿರುತ್ತದೆ. ಹಣೆಗೆ ಕುಂಕುಮ ಇಟ್ಟ ಹಾಗೆ ಮೊದಲು ಒಂದೇ ಒಂದು ಚುಕ್ಕೆ. ಅದು ನಿಧಾನಕ್ಕೆ ಕೆಳಗಿಳಿದು ಇಡೀ ಸಾಲಿಗೆ ಹರಡುತ್ತದೆ. ನೀವು ಎಡಕ್ಕೆ ತಿರುಗಿ ನಿಂತಿರಿ.

ಫೋಟೋ ಮಾತ್ರ ಇಲ್ಲಿ ಕಷ್ಟ. ಬೆಟ್ಟ 75 ಕಿ.ಮೀ.ಗೂ ಜಾಸ್ತಿ ದೂರ. ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಇಲ್ಲದೆ ಅದು ಚಿಕ್ಕದಾಗಿಯೇ ಬರುತ್ತದೆ. ಪಕ್ಕದವರ ತಳ್ಳಾಟದಲ್ಲಿ ಟ್ರೈಪಾಡ್ ಅಲ್ಲಾಡುತ್ತದೆ. ನಮಗೆ ಸಿಕ್ಕಿದ್ದು ಹತ್ತೇ ನಿಮಿಷ, ಆಮೇಲೆ ಮೋಡ.

ಅಲ್ಲಿಂದ ಮಾನೇಭಂಜನ್‌ಗೆ ಹೋಗಿ ಸಂದಕ್‌ಫು ಹತ್ತಿದೆವು. 31 ಕಿ.ಮೀ. ದಾರಿ, ನೇಪಾಳದ ಗಡಿಗುಂಟ ಸಾಗುತ್ತದೆ. ನಡೆಯಲಾಗದವರಿಗೆ ಜೀಪು ಇದೆ, ಹಳೇ ಕಾಲದ ಲ್ಯಾಂಡ್ ರೋವರ್ ಕೂಡ. ನಾವು ಮೂರು ದಿನ ನಡೆದೆವು. 3,636 ಮೀಟರ್, ಪಶ್ಚಿಮ ಬಂಗಾಳದಲ್ಲೇ ಅತಿ ಎತ್ತರದ ಜಾಗ. ರಾತ್ರಿ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಪದರ ಕಟ್ಟಿತ್ತು. ಬೆಳಿಗ್ಗೆ ಹೊರಗೆ ಬಂದರೆ ಇಡೀ ಸಾಲು ಬಯಲಾಗಿತ್ತು. ಕುಂಭಕರ್ಣ ಶಿಖರ ತಲೆ, ಕಾಂಚನಜುಂಗಾ ಹೊಟ್ಟೆ, ಪಂಡಿಮ್ ಕಾಲಿನ ಕಡೆ. ಈ ಸಾಲಿನ ಆಕಾರಕ್ಕೆ ಮಲಗಿದ ಬುದ್ಧ ಅನ್ನುತ್ತಾರಲ್ಲ, ಇಲ್ಲಿಂದ ಅದನ್ನು ಯಾರೂ ಬೆರಳು ತೋರಿಸಿ ಹೇಳಿಕೊಡಬೇಕಾಗಿಲ್ಲ. ಎಡಕ್ಕೆ ಕಣ್ಣು ಹಾಯಿಸಿದರೆ ದೂರದಲ್ಲಿ ಮಕಾಲು, ಲೋತ್ಸೆ, ಎವರೆಸ್ಟ್. ಎಂಟು ಸಾವಿರ ಮೀಟರ್ ದಾಟಿದ ನಾಲ್ಕು ಶಿಖರ ಒಂದೇ ಕಡೆ ನಿಂತು ನೋಡಿದ್ದೆ ಅಂತ ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ.

ಚಳಿಗೆ ಬ್ಯಾಟರಿ ಬೇಗ ಸತ್ತುಹೋಗುತ್ತದೆ. ಎರಡನೇ ಬ್ಯಾಟರಿಯನ್ನು ಒಳಗಿನ ಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಹೊರಗಿಂದ ಬಂದ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಯಲ್ಲಿ ತಕ್ಷಣ ಬಿಚ್ಚಬೇಡಿ, ಲೆನ್ಸ್ ಪೂರ್ತಿ ಬೆವರುತ್ತದೆ. ಬ್ಯಾಗಿನಲ್ಲೇ ಇಟ್ಟು ನಿಧಾನಕ್ಕೆ ಬೆಚ್ಚಗಾಗಲು ಬಿಡಿ. ಮೊಬೈಲಿನಲ್ಲಿ ತೆಗೆಯುವವರು ಬೆಳಗಿದ ಹಿಮದ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಕೆಳಗಿನ ಕತ್ತಲೆ ನೋಡಿ ಕ್ಯಾಮೆರಾ ಬೆಳಕು ಏರಿಸುತ್ತದೆ, ಆ ಕೆಂಪು ಸುಮ್ನೆ ಬಿಳಿಯಾಗಿಬಿಡುತ್ತದೆ. ನನ್ನ ಟೈಗರ್ ಹಿಲ್ ಫೋಟೋಗಳು ಕೆಟ್ಟಿದ್ದು ಹೀಗೇ.

ಆದರೆ ಅಮ್ಮನನ್ನು ಸಂದಕ್‌ಫುಗೆ ಕರೆದೊಯ್ಯಲು ಧೈರ್ಯ ಬರಲಿಲ್ಲ. ಅವರಿಗೆ ಮಂಡಿನೋವು, ಮೇಲಾಗಿ ಆ ಎತ್ತರ. ಹಾಗಾಗಿ ಎರಡನೇ ಸಲ ಪಶ್ಚಿಮ ಸಿಕ್ಕಿಮಿನ ಪೆಲ್ಲಿಂಗ್‌ನಲ್ಲಿ ಮೂರು ರಾತ್ರಿ ಉಳಿದೆವು. ಇಲ್ಲಿಂದ ಬೆಟ್ಟ ಸುಮಾರು 45 ಕಿ.ಮೀ. ಬುದ್ಧನ ಆಕಾರ ಸಂದಕ್‌ಫುವಿನಷ್ಟು ಚೆನ್ನಾಗಿ ಕೂಡಿ ಬರುವುದಿಲ್ಲ, ಮುಂದಿರುವ ಕಬ್ರು, ಪಂಡಿಮ್ ದೊಡ್ಡದಾಗಿ ಕಾಣುತ್ತವೆ. ಆದರೆ ಹಿಮದ ಮಡಿಕೆ, ಬಂಡೆಯ ಗೆರೆ ಎಲ್ಲ ಸ್ಪಷ್ಟ. ಮೇಲಿನ ಪೆಲ್ಲಿಂಗ್‌ನ ಹೆಲಿಪ್ಯಾಡ್‌ಗೆ ಹೋದರೆ ಅಡ್ಡಿಯೇ ಇಲ್ಲ.

ಮೊದಲ ಎರಡು ಬೆಳಿಗ್ಗೆ ಬರೀ ಮಂಜು. ಟೈಗರ್ ಹಿಲ್ ಆಗಿದ್ದರೆ ಎರಡು ರಾತ್ರಿಯ ನಿದ್ದೆ ಹೋಗುತ್ತಿತ್ತು. ಇಲ್ಲಿ ಕಿಟಕಿಯ ಪರದೆ ಸರಿಸಿ ನೋಡಿ ಮತ್ತೆ ಮಲಗಿದೆವು, ಅಷ್ಟೇ. ವಯಸ್ಸಾದವರ ಜೊತೆ ಹೋಗುವವರು ಈ ಒಂದು ಕಾರಣಕ್ಕೇ ಪೆಲ್ಲಿಂಗ್ ಆರಿಸಿಕೊಳ್ಳಿ ಅನ್ನುತ್ತೇನೆ. ನಡೆಯುವ ಶಕ್ತಿ ಇದ್ದು ಐದಾರು ದಿನ ರಜೆ ಸಿಗುವವರಿಗೆ ಸಂದಕ್‌ಫುಗೆ ಸಾಟಿ ಇಲ್ಲ. ಟೈಗರ್ ಹಿಲ್‌ಗೆ, ಹೇಗೂ ಡಾರ್ಜಿಲಿಂಗ್‌ಗೆ ಬಂದಿದ್ದರೆ ಮಾತ್ರ ಹೋದರೆ ಸಾಕು.

ಮೂರನೇ ದಿನ ಅಮ್ಮನೇ ನನ್ನನ್ನು ಎಬ್ಬಿಸಿದರು. ಹಿಂದಿನ ಸಂಜೆ ನಾವು ಉಳಿದಿದ್ದ ಮನೆಯ ಒಡತಿ ಅವರಿಗೆ ಹೇಳಿದ್ದರು, ಈ ಬೆಟ್ಟ ನಮ್ಮನ್ನು ಕಾಯುವ ದೇವರು, ಅದರ ನೆತ್ತಿ ತುಳಿಯಬಾರದು ಅಂತ. 1955ರಲ್ಲಿ ಮೊದಲ ಸಲ ಹತ್ತಿದ ಬ್ರಿಟಿಷರೂ ಆ ಮಾತಿಗೆ ಬೆಲೆ ಕೊಟ್ಟು ತುದಿಗೆ ಕೆಲವೇ ಅಡಿ ಇರುವಾಗ ನಿಂತುಬಿಟ್ಟಿದ್ದರು. ವರಾಂಡಕ್ಕೆ ಬಂದಾಗ ತುದಿ ಆಗಲೇ ಕೆಂಪಾಗಿತ್ತು. ಅಮ್ಮ ಶಾಲು ಹೊದ್ದು, ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿದ್ದರು. ನಾನು ಕ್ಯಾಮೆರಾ ತೆಗೆದಿದ್ದು ಆಮೇಲೆ.