ಡಬ್ಲ್ಯುಎಕ್ಸ್‌ವಿಜೆಟ್ಸ್ 3.2: ಬಟನ್ ಹುಟ್ಟುವ ಮೊದಲೇ ಹೆಸರಿಡಬೇಡಿ

ಎಸ್.ಪಿ. ರೋಡ್‌ನಲ್ಲಿ ಜೋಡಿಸಿದ ವಿಂಡೋಸ್ ಪಿಸಿ ಒಂದು ಕಡೆ, ಉಬುಂಟು ಇನ್ನೊಂದು ಕಡೆ. ಚಿಕ್ಕಪೇಟೆಯ ಬಿಲ್ಲಿಂಗ್ ಕೌಂಟರಿಗೆ ಒಂದೇ ಸಿ++ ಕೋಡ್ ಎರಡರಲ್ಲೂ ಓಡಬೇಕಾದರೆ ಇವತ್ತಿಗೂ ಡಬ್ಲ್ಯುಎಕ್ಸ್‌ವಿಜೆಟ್ಸ್ ಒಳ್ಳೆ ಆಯ್ಕೆ. ವಿಂಡೋ, ಬಟನ್ ಕಟ್ಟಿಕೊಡುವ, 1992ರಿಂದ ಇರುವ ಈ ಲೈಬ್ರರಿ ಬಟನ್ನನ್ನು ತಾನೇ ಬಿಡಿಸುವುದಿಲ್ಲ, ಸಿಸ್ಟಮ್‌ನಿಂದ ಕೇಳಿ ತರುತ್ತದೆ. ಸುಖವೂ ಕಾಟವೂ ಅಲ್ಲಿಂದಲೇ.

ಏನೂ ಕೊಡದೆ ಖಾಲಿ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟಿಸುವ ಫಂಕ್ಷನ್) ಕರೆದರೆ ಸಿಗುವುದು ಸಿ++ ಆಬ್ಜೆಕ್ಟ್ ಮಾತ್ರ. ತೆರೆಯ ಮೇಲಿನ ನಿಜವಾದ ಕಂಟ್ರೋಲ್, ಅಂದರೆ ಬಟನ್ ಅಥವಾ ಪೆಟ್ಟಿಗೆ, ಬರುವುದು ಕ್ರಿಯೇಟ್ ಕರೆದ ಮೇಲೆ. ನಡುವೆ ಬೆಲೆ ತುಂಬುವ ಸೆಟ್‌ವ್ಯಾಲ್ಯೂ ಕರೆದರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ಸಿಸ್ಟಮ್ ಕೊಟ್ಟ ಗುರುತನ್ನು (ಹ್ಯಾಂಡಲ್) ಹೇಳುವ ಗೆಟ್‌ಹ್ಯಾಂಡಲ್ ಸೊನ್ನೆ ಕೊಡುತ್ತಿದ್ದರೆ ರೋಗ ಇದೇ. ಮರೆಮಾಡುವ ಹೈಡ್ ಇದಕ್ಕೆ ಹೊರತು. ಅದನ್ನು ಕ್ರಿಯೇಟ್‌ಗಿಂತ ಮೊದಲೇ ಕರೆದರೆ ಕಂಟ್ರೋಲ್ ಮಿಣಕ್ ಎಂದು ಕಾಣಿಸಿ ಮರೆಯಾಗುವುದು ತಪ್ಪುತ್ತದೆ. ಪೇರೆಂಟ್ (ಕಂಟ್ರೋಲನ್ನು ಹೊತ್ತ ವಿಂಡೋ) ಕೊಟ್ಟು ಕನ್‌ಸ್ಟ್ರಕ್ಟರ್ ಕರೆದವರು ಮತ್ತೆ ಕ್ರಿಯೇಟ್ ಕರೆಯಬಾರದು.

ಕ್ರಮ ಮೇಲಿನಿಂದ ಕೆಳಕ್ಕೆ: ಫ್ರೇಮ್, ಪ್ಯಾನೆಲ್, ಆಮೇಲೆ ಬಟನ್. ಪೇರೆಂಟ್‌ನ ಹ್ಯಾಂಡಲ್ ಇಲ್ಲದೆ ಚೈಲ್ಡ್ ವಿಂಡೋ ಕೇಳಿದರೆ ವಿಂಡೋಸ್ ಎಸೆಯುವ ಎರರ್ 1406. 1407 ಬಂದರೆ ವಿಂಡೋ ಕ್ಲಾಸ್ ರಿಜಿಸ್ಟರ್ ಆಗಿಲ್ಲ ಎಂದರ್ಥ. ಬಟನ್‌ಗಳು ವಿಂಡೋಸ್ 95ರ ಮುಖ ಹೊತ್ತು ಬಂದರೆ ಕ್ರಿಯೇಟ್‌ನಲ್ಲಿ ತಪ್ಪು ಹುಡುಕಬೇಡಿ. ಹೊಸ ರೂಪದ ಕಂಟ್ರೋಲ್‌ಗಳನ್ನು ಕೇಳುವ ಕಾಮನ್ ಕಂಟ್ರೋಲ್ಸ್ 6ರ ಮ್ಯಾನಿಫೆಸ್ಟ್ ಫೈಲ್ ಬಿಟ್ಟುಹೋಗಿರುತ್ತದೆ.

ಉಬುಂಟು ಕಡೆ ಬಟನ್ ಬಿಡಿಸುವ ಜಿಟಿಕೆ ಲೈಬ್ರರಿಯ ತಕರಾರೇ ಬೇರೆ. ವಿಜೆಟ್ ಸಿಕ್ಕರೂ ಅದು ರಿಯಲೈಸ್ ಆಗುವ (ತೆರೆಗೆ ಸಜ್ಜಾಗುವ) ತನಕ ಒಳಗಿನ ಜಿಡಿಕೆ ವಿಂಡೋ, ಅಂದರೆ ಜಿಟಿಕೆ ಕೆಳಪದರದ ವಿಂಡೋ, ಇರುವುದಿಲ್ಲ. ವಿಡಿಯೊ ತುಂಬಲು ಕನ್‌ಸ್ಟ್ರಕ್ಟರ್‌ನಲ್ಲೇ ಎಕ್ಸ್11 (ಲಿನಕ್ಸ್‌ನ ಹಳೆಯ ಡಿಸ್‌ಪ್ಲೇ ವ್ಯವಸ್ಥೆ) ಐಡಿ ಕೇಳಿದರೆ ಕೈಗೆ ಬರುವುದು ಚಿಪ್ಪು. ವಿಂಡೋ ತೆರೆಗೆ ಬಂದ ಮೇಲೆ ಕೇಳಿ. ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಂತೂ ಆ ಐಡಿಯೇ ಇಲ್ಲ.

ಬೇರೆಡೆ ಹುಟ್ಟಿದ ಕಂಟ್ರೋಲನ್ನು ಒಳಗೆ ತರಲು 3.1ರಲ್ಲಿ ಸೇರಿದ ನೇಟಿವ್‌ವಿಂಡೋ ಕ್ಲಾಸ್ ಚೆನ್ನಾಗಿದೆ. ವಿಂಡೋಸ್‌ನಲ್ಲಿ ಅದು ಸಾಯುವಾಗ ಕಂಟ್ರೋಲನ್ನೂ ಜೊತೆಗೆ ಒಯ್ಯುತ್ತದೆ. ಬೇಡವಾದರೆ ಡಿಸ್‌ಓನ್ ಕರೆಯಿರಿ.

ಕನ್ನಡ ಲೇಬಲ್‌ಗಳಿಗೆ ಅಳತೆ ಕಟ್ಟಿಹಾಕಬೇಡಿ. ‘ರದ್ದು’ ಬಟನ್‌ಗೆ 80×25 ಎಂದು ಬರೆದರೆ ಇಂಗ್ಲಿಷ್ ‘ಕ್ಯಾನ್ಸಲ್’ ಹಾಯಾಗಿ ಕೂರುವ ಜಾಗದಲ್ಲೇ ‘ದ್ದು’ವಿನ ಒತ್ತು, ಕೊಂಬು ಅರ್ಧಕ್ಕೆ ಕತ್ತರಿಸಿಹೋಗಬಹುದು, ಅದರಲ್ಲೂ 150% ಸ್ಕೇಲಿಂಗ್ ಇದ್ದಾಗ. ಡಿಫಾಲ್ಟ್‌ಸೈಜ್ ಕೊಟ್ಟು, ಅಳತೆ ತಾನೇ ಲೆಕ್ಕಹಾಕುವ ಸೈಜರ್‌ಗೆ ಒಪ್ಪಿಸಿ. ಅಂಚಿನ ಅಂತರಕ್ಕೆ ಮಾತ್ರ, ಸ್ಕೇಲಿಂಗ್‌ಗೆ ತಕ್ಕಂತೆ ಅಂಕಿ ಹಿಗ್ಗಿಸುವ ಫ್ರಮ್‌ಡಿಪ್. ಮೈಕ್ರೋಸಾಫ್ಟ್ ಕಂಪೈಲರ್‌ಗೆ ಯುಟಿಎಫ್-8 ಫ್ಲ್ಯಾಗ್ ಹಾಕಲು ಮರೆತರೆ ಒತ್ತಿನ ಮಾತಿರಲಿ, ಅಕ್ಷರವೇ ಕಲಸುಮೇಲೋಗರ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಳೆದದ್ದು ಜಿಟಿಕೆ ಲೆಕ್ಕಕ್ಕೆ.