ಅಜ್ಜಿಯ ಹಾಡು ಎಲ್ಲಿಡಲಿ? ಹಾರ್ಡ್‌ಡಿಸ್ಕ್, ತಾಳೆಗರಿ, ಕಡತ, ನೋಟ್‌ಬುಕ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೂರು ರೂಪಾಯಿಯ ಗಟ್ಟಿ ರಟ್ಟಿನ ನೋಟ್‌ಬುಕ್ಕಿಗೆ.

ನಮ್ಮಜ್ಜಿಗೆ ಐವತ್ತಕ್ಕೂ ಜಾಸ್ತಿ ಶೋಭಾನೆ ಹಾಡುಗಳು ಬರುತ್ತಿದ್ದವು. ಅರಿಶಿನ ಹಚ್ಚುವಾಗ ಒಂದು, ಆರತಿಗೆ ಒಂದು, ಹೆಣ್ಣು ಒಪ್ಪಿಸುವಾಗ ಇನ್ನೊಂದು. ಅಜ್ಜಿ ಶಾಲೆಗೆ ಹೋದವರಲ್ಲ. ಅತ್ತೆ ಹಾಡಿದ್ದನ್ನು ಕೇಳಿ ಕೇಳಿ ಕಲಿತರು. ಐದು ವರ್ಷದ ಹಿಂದೆ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಾಲ್ಕು ಸಾವಿರ ಕೊಟ್ಟು ಹಾರ್ಡ್‌ಡಿಸ್ಕ್ ತಂದು ಅದಕ್ಕೆ ತುಂಬಿಸಿದೆ. ಫೋನಿನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿದೆ. ಕಳೆದ ಮಳೆಗಾಲ ತಂಗಿಯ ಮದುವೆಗೆ ಅಂತ ಸಿಕ್ಕಿಸಿದರೆ ಬರೀ ಟಿಕ್ ಟಿಕ್ ಸದ್ದು. ರಿಪೇರಿಯವರು ಹದಿನೈದು ಸಾವಿರ ಕೇಳಿದರು, ಗ್ಯಾರಂಟಿ ಕೊಡಲಿಲ್ಲ. ಮತ್ತೆ ಅಜ್ಜಿಯನ್ನೇ ಕೂರಿಸಿ ಹಾಡಿಸಿದರೆ ಬಂದದ್ದು ನಲವತ್ತೊಂದು. ಉಳಿದವು ಅವರಿಗೇ ಮರೆತುಹೋಗಿದ್ದವು.

ಹಾರ್ಡ್‌ಡಿಸ್ಕಿನ ಮೇಲೆ ನನಗಿರುವ ಸಿಟ್ಟು ಅದು ಕೆಟ್ಟಿತು ಅಂತಲ್ಲ. ಕೆಡುವ ಮುಂಚೆ ಒಂದು ಸುಳಿವೂ ಕೊಡಲಿಲ್ಲ. ಹಾಳೆಯ ಮೂಲೆ ಹರಿದರೆ ಕಣ್ಣಿಗೆ ಕಾಣುತ್ತದೆ. ತಾಳೆಗರಿಗೆ ಹುಳ ಹಿಡಿದು ನಾಲ್ಕು ಅಕ್ಷರ ಹೋದರೂ ಮಿಕ್ಕ ಸಾಲು ಓದಿ ಅಂದಾಜು ಮಾಡಬಹುದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ವಿದ್ವಾಂಸ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ತಾಳೆಗರಿಯಲ್ಲೇ. ಅದು ಇದ್ದದ್ದು ಗ್ರಂಥ ಲಿಪಿಯಲ್ಲಿ, ಅಂದರೆ ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ. ಅವರಿಗೆ ಅದು ಓದಲು ಬರುತ್ತಿತ್ತು, ಓದಿದರು, 1909ರಲ್ಲಿ ಅಚ್ಚು ಹಾಕಿಸಿದರು. ನಡುವೆ ಯಾವ ಯಂತ್ರವೂ ಬೇಕಾಗಲಿಲ್ಲ.

ಆ ಹುರುಪಿನಲ್ಲಿ ಹದ ಮಾಡಿದ ತಾಳೆಗರಿ ಮತ್ತು ಕಂಟ ತರಿಸಿದೆ. ಒಂದು ಸಾವಿರದ ಇನ್ನೂರು ರೂಪಾಯಿ. ಕಂಟ ಅಂದರೆ ಗರಿಯ ಮೇಲೆ ಗೀರಿ ಬರೆಯುವ ಕಬ್ಬಿಣದ ಮೊನೆ.

ತೊಡಕು ಶುರುವಾದದ್ದು ಇಲ್ಲಿ. ಗರಿಯ ಮೇಲೆ ಬರೆದದ್ದು ಬರೆಯುವಾಗ ಕಾಣುವುದಿಲ್ಲ! ಗೀರು ಬೀಳುತ್ತದೆ ಅಷ್ಟೇ. ಆಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ, ಬಟ್ಟೆಯಿಂದ ಒರೆಸಿದರೆ ಗೀರಿನೊಳಗೆ ಮಸಿ ನಿಂತು ಅಕ್ಷರ ಏಳುತ್ತದೆ. ಹಾಗೆ ಎದ್ದದ್ದನ್ನು ನೋಡಿದರೆ ನನ್ನ ಮೊದಲ ಗರಿಯಲ್ಲಿ ಎರಡನೇ ಸಾಲಿನ ಒತ್ತಕ್ಷರಗಳೆಲ್ಲ ಮೂರನೇ ಸಾಲಿನ ತಲೆಯ ಮೇಲೆ ಕೂತಿದ್ದವು. ಅಳಿಸುವ ಹಾಗಿಲ್ಲ.

ಇನ್ನೊಂದು, ಗರಿಯ ನಾರು ಉದ್ದಕ್ಕೆ ಓಡುತ್ತದೆ. ಶಾಲೆಯಲ್ಲಿ ಕಲಿತಂತೆ ತಲಕಟ್ಟನ್ನು ನೇರ ಎಳೆದರೆ ಗರಿ ಅಲ್ಲೇ ಸೀಳುತ್ತದೆ. ನಮ್ಮ ಲಿಪಿ ಇಷ್ಟು ದುಂಡಗಾಗಲು ಇದೂ ಒಂದು ಕಾರಣ ಅಂತ ಹೇಳುವುದುಂಟು. ಮೂರು ಗರಿ ಸೀಳಿದ ಮೇಲೆ ನನಗೆ ಆ ಮಾತು ನಿಜ ಅನ್ನಿಸಿದೆ. ನಾಲ್ಕನೆಯದರಲ್ಲಿ ತಲಕಟ್ಟು ಬಗ್ಗಿಸಿ, ಕೈ ಅಲ್ಲಾಡಿಸದೆ ಗರಿಯನ್ನೇ ಸರಿಸುತ್ತಾ ಬರೆದೆ. ಐದು ಸಾಲಿಗೆ ಎರಡು ಗಂಟೆ. ಅಷ್ಟರಲ್ಲಿ ಅಜ್ಜಿ ಮೂರು ಹಾಡು ಮುಗಿಸಿ ಅಡಿಗೆಮನೆಗೆ ಹೋಗಿದ್ದರು. ಅದೂ ಅಲ್ಲದೆ ಒಂದೇ ಹಾಡನ್ನು ಅವರು ಎರಡು ಸಲ ಒಂದೇ ಥರ ಹಾಡುವುದಿಲ್ಲ. ಒಮ್ಮೆ ‘ಮುತ್ತಿನ ಆರತಿ’, ಇನ್ನೊಮ್ಮೆ ‘ಹವಳದ ಆರತಿ’. ತಿದ್ದಲಾಗದ ಗರಿಯಲ್ಲಿ ಯಾವುದನ್ನು ಕೊರೆಯುವುದು?

ತಿದ್ದುವುದಕ್ಕೆ ಕಡತ ಚೆನ್ನ. ಈಗ ಆಫೀಸಿನ ಫೈಲಿಗೆ ಕಡತ ಅನ್ನುತ್ತೇವಲ್ಲ, ಮೂಲದಲ್ಲಿ ಅದು ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುವುದು. ಅದರ ಮೇಲೆ ಬಳಪದಲ್ಲಿ ಬರೆಯುವುದು. ವ್ಯಾಪಾರಿಗಳು ಲೆಕ್ಕ ಇಟ್ಟದ್ದು ಇದರಲ್ಲಿ. ಶೃಂಗೇರಿ ಮಠದ ಹಳೆಯ ಕಡತಗಳು ಇವತ್ತಿಗೂ ಇವೆ. ಹಳೆಯ ಪಂಚೆಯಲ್ಲಿ ನಾನೇ ಒಂದು ಮಾಡಿದೆ. ಖರ್ಚು ಬಳಪದ್ದು ಮಾತ್ರ. ಕಪ್ಪಿನ ಮೇಲೆ ಬಿಳಿ ಅಕ್ಷರ ಎಷ್ಟು ಚೆಂದ ಕಾಣುತ್ತದೆ ಅಂದರೆ, ಒಂದು ವಾರ ಸುಮ್ನೆ ಬಿಚ್ಚಿ ಬಿಚ್ಚಿ ನೋಡಿದೆ. ಆದರೆ ನನ್ನ ಕೈಯ ಕಡತದಲ್ಲಿ ಮಡಿಕೆಯ ಜಾಗದಲ್ಲಿ ಬಳಪ ಉಜ್ಜಿಹೋಯಿತು.

ಕ್ಯಾಸೆಟ್ ವಿಚಾರ ಬಿಡಿ, ಮಲೆನಾಡಿನ ಮಳೆಗೆ ಬೂಸ್ಟು.

ಕೊನೆಗೆ ನೋಟ್‌ಬುಕ್. ನೂಲಿನಲ್ಲಿ ಹೊಲಿದದ್ದೇ ತಗೊಳ್ಳಿ, ಅಂಟಿಸಿದ್ದು ಹಾಳೆ ಹಾಳೆಯಾಗಿ ಬಿಡುತ್ತದೆ. ಪೆನ್ನು ಮಾಮೂಲಿ ಬಾಲ್‌ಪೆನ್ನು, ಅದರ ಎಣ್ಣೆ ಶಾಯಿ ನೀರು ತಾಗಿದರೂ ಹರಡುವುದಿಲ್ಲ. ಅಜ್ಜಿಯ ವೇಗಕ್ಕೆ ಬರೆಯಬಹುದು. ‘ಮುತ್ತಿನ’ ಮೇಲೆ ‘ಹವಳದ’ ಅಂತ ಇನ್ನೊಂದು ಸಾಲು ಸೇರಿಸಬಹುದು. ರಾಗ ಮಾತ್ರ ಇದರಲ್ಲಿ ಉಳಿಯುವುದಿಲ್ಲ, ಅದು ದೊಡ್ಡ ಕೊರತೆ. ಅದಕ್ಕೆ ಮತ್ತೆ ರೆಕಾರ್ಡ್ ಮಾಡಿ ಮೂವರ ಫೋನಿಗೆ ಹಾಕಿದ್ದೇನೆ. ಹಾರ್ಡ್‌ಡಿಸ್ಕ್ ಒಂದನ್ನೇ ನಂಬಿ ಇನ್ನು ಕೂರುವುದಿಲ್ಲ.

ನಿಮಗೆ ಕೈಬರಹದ ಅಭ್ಯಾಸ ಇಲ್ಲದಿದ್ದರೆ ನೋಟ್‌ಬುಕ್ ಬೇಸರ ತರಿಸಬಹುದು. ನಾನು ದಿನಾ ಹಾಲಿನ ಲೆಕ್ಕ ಬರೆಯುವವರ ಮನೆಯಲ್ಲಿ ಬೆಳೆದದ್ದು, ನನಗೆ ಒಗ್ಗುತ್ತದೆ. ಪುಸ್ತಕ ಅಡಿಗೆಮನೆಯ ಗೂಡಿನಲ್ಲೇ ಇದೆ. ಅತ್ತಿಗೆ ಬಿಡುವಾದಾಗ ಜೋರಾಗಿ ಓದುತ್ತಾರೆ, ಅಜ್ಜಿ ‘ಅದು ಹಾಗಲ್ಲ ಕಣೇ’ ಅಂತ ತಿದ್ದುತ್ತಾರೆ. ಹೋದ ತಿಂಗಳು ಹಾಗೆ ತಿದ್ದುತ್ತಾ ಮರೆತಿದ್ದ ಒಂದು ಹಾಡು ಹಿಡಿದುಕೊಂಡರು. ಈಗ ನಲವತ್ತೆರಡು.